ಕೈ ಎತ್ತದ ಊರಿನಲ್ಲಿ ಕಲ್ಲು ಹೊತ್ತವಳು

ಅವಳ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇರಲಿಲ್ಲ. ಸುತ್ತಲೂ ದಟ್ಟವಾದ ಕಪ್ಪು ಕೂದಲು, ನಡುವೆ ಸವೆದು ನುಣ್ಣಗಾದ ಚರ್ಮ. ಬುದ್ಧಿ ತಿಳಿದಾಗಿನಿಂದ ಸೊಪ್ಪು, ಸೌದೆ, ಗೊಬ್ಬರ, ಭತ್ತದ ಹೊರೆ ಹೊತ್ತೂ ಹೊತ್ತೂ ಆದದ್ದು ಅದು. ಹೊರೆಯ ಕೆಳಗೆ ಇಟ್ಟುಕೊಳ್ಳುವ ಸಿಂಬೆ, ಹಳೆಯ ಸೀರೆಯ ತುಂಡನ್ನು ಬಳೆಯಂತೆ ಸುತ್ತಿ ಮಾಡಿದ್ದು, ಸದಾ ಅವಳ ಸೊಂಟದಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಮದುವೆಮನೆಗೂ ಅದರೊಂದಿಗೇ ಹೋಗುವಳು, ಪಂಚಾಯ್ತಿ ಮೀಟಿಂಗಿಗೂ. ಕೇಳಿದರೆ, "ಎಲ್ಲಿ ಹೋದ್ರೂ ಯಾರಾದ್ರೂ ಒಂದು ಹೊರೆ ಹೊರ್ಸದು ಖಂಡಿತ ಅಕ್ಕೋರೇ. ನಮ್ ಹುಷಾರಿ ನಮ್ಗಿರ್ಲಿ" ಎಂದು ನಗುತ್ತಿದ್ದಳು.

ಊರು ಅವಳನ್ನು ಮೆಂಬರಕ್ಕ ಎಂದು ಕರೆಯುತ್ತಿತ್ತು. ಗೌರವಕ್ಕಲ್ಲ, ಗೇಲಿಗೆ. ನಾನೂ ಹಾಗೇ ಕರೆದೆ, ಆದರೆ ನನ್ನ ಬಾಯಲ್ಲಿ ಅದು ಎಂದೂ ಗೇಲಿಯಾಗಲಿಲ್ಲ.

ಅರವತ್ತರ ದಶಕದ ನಡುವಿನಲ್ಲಿ ನಾನು ತೀರ್ಥಹಳ್ಳಿಯಿಂದ ಹೊಸನಗರ ತಾಲ್ಲೂಕಿನ ಆ ಹಳ್ಳಿಯ ಪ್ರೈಮರಿ ಶಾಲೆಗೆ ಟೀಚರಾಗಿ ಹೋದೆ. ನಿಟ್ಟೂರಿನ ಕಡೆ ಹೋಗುವ ಬಸ್ಸು ಇಳಿಸಿದಲ್ಲಿಂದ ಕಾಡುದಾರಿಯಲ್ಲಿ ನಡೆದು ಸೇರಬೇಕಾದ ಊರು. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲಿತ್ತು. ಮದುವೆಯಾದ ಮೇಲೂ ಅದು ಅಲ್ಲಿಂದ ಇಳಿದಿಲ್ಲ.

ಪಂಚಾಯ್ತಿಯ ಅಧ್ಯಕ್ಷರು ಊರಿನ ಒಡೆಯರು. ಗದ್ದೆಗಳಲ್ಲಿ ಮುಕ್ಕಾಲು ಪಾಲು ಅವರದು. ಹಳ್ಳದಾಚೆಯ ಕೇರಿಯಲ್ಲಿದ್ದವರೆಲ್ಲ ಅವರ ಗೇಣಿದಾರರು. ಪಂಚಾಯ್ತಿಯಲ್ಲಿ ಹೆಂಗಸರಿಗೂ ಸೀಟು ಇರಬೇಕೆಂದು ಕಾನೂನು ಬಂದಾಗ ಒಡೆಯರು ಬಹಳ ಯೋಚನೆ ಮಾಡಲಿಲ್ಲ. ತಮ್ಮ ಗೇಣಿಯವಳಾದ ಒಬ್ಬ ವಿಧವೆಯನ್ನು ಕರೆಸಿ ಅವಿರೋಧವಾಗಿ ಮೆಂಬರು ಮಾಡಿದರು. ಕೋಲೆಬಸವನ ಹಾಗೆ ತಲೆಯಾಡಿಸಿಕೊಂಡಿರುತ್ತಾಳೆ ಎಂಬ ಲೆಕ್ಕ ಅವರದು.

ಪಂಚಾಯ್ತಿಗೆ ಸ್ವಂತ ಕಟ್ಟಡವಿರಲಿಲ್ಲ. ಮೀಟಿಂಗು ನಡೆಯುತ್ತಿದ್ದುದು ಒಡೆಯರ ಮನೆಯ ಜಗಲಿಯಲ್ಲಿ. ಗೇಣಿಯವರು ಆ ಜಗಲಿಯನ್ನು ಹತ್ತುವಂತಿರಲಿಲ್ಲ. ಸರಿ, ಉಳಿದ ಮೆಂಬರುಗಳು ಚಾಪೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಊರಿನ ಹಣೆಬರಹ ಬರೆಯುತ್ತಿದ್ದರೆ, ಸರ್ಕಾರವೇ ಮಾಡಿದ ಮೆಂಬರು ಕೆಳಗೆ ಅಂಗಳದಲ್ಲಿ ತನ್ನ ಸಿಂಬೆಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂರುತ್ತಿದ್ದಳು. ಕೊನೆಗೆ ಗುಮಾಸ್ತ ಮೆಟ್ಟಿಲಿಳಿದು ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದ. ಯಾವುದಕ್ಕೆ ಒತ್ತಿದ್ದು ಎಂದು ಹೇಳುವ ಪದ್ಧತಿ ಇರಲಿಲ್ಲ. ಇದಕ್ಕೆ ಹೆಸರು ಪ್ರಜಾರಾಜ್ಯ! ನನ್ನ ಶಾಲೆಯ ಗೋಡೆಯ ಮೇಲೆ ಹಾಗೆಂದು ಬರೆಸಿದ್ದೆ ಬೇರೆ.

ಕೇರಿಗೂ ಶಾಲೆಗೂ ನಡುವೆ ಹಳ್ಳ. ಬೇಸಗೆಯಲ್ಲಿ ಪಾದ ನೆನೆಯದಂತೆ ದಾಟಬಹುದು. ಮಳೆ ಹಿಡಿದರೆ ಎಮ್ಮೆಯನ್ನೇ ಉರುಳಿಸಿಕೊಂಡು ಹೋಗುವ ನೀರು. ಕೇರಿಯವರು ಪ್ರತಿ ವರ್ಷ ಮರದ ದಿಮ್ಮಿ ಅಡ್ಡ ಹಾಕಿ ಸಂಕ ಕಟ್ಟುವುದು, ಆರಿದ್ರೆ ಮಳೆ ಅದನ್ನು ಕೊಚ್ಚಿಕೊಂಡು ಹೋಗುವುದು. ಅಲ್ಲಿಂದ ನವರಾತ್ರಿಯವರೆಗೆ ಕೇರಿಯ ಮಕ್ಕಳಿಗೆ ಶಾಲೆಯಿಲ್ಲ, ರೋಗಿಗಳಿಗೆ ಔಷಧಿಯಿಲ್ಲ. ನಾನು ಹೋಗುವುದಕ್ಕೆ ಮೊದಲು ಹೆರಿಗೆಯಾಗದೆ ನರಳುತ್ತಿದ್ದ ಒಬ್ಬಳನ್ನು ಕಂಬಳಿಯ ಜೋಲಿಯಲ್ಲಿ ದಡಕ್ಕೆ ತಂದು, ನೀರು ಇಳಿಯಲೆಂದು ಕಾದು, ಅಲ್ಲೇ ಕಳೆದುಕೊಂಡಿದ್ದರಂತೆ.

ಮೆಂಬರಕ್ಕನ ಮೊಮ್ಮಗಳು ನನ್ನ ಶಾಲೆಯಲ್ಲಿ ಮೂರನೆಯ ವರ್ಷ ಒಂದನೇ ಕ್ಲಾಸಿನಲ್ಲಿದ್ದಳು. ದಡ್ಡಿಯಲ್ಲ, ಮಗ್ಗಿಯನ್ನು ತಲೆಕೆಳಗಾಗಿ ಹೇಳುವಷ್ಟು ಚುರುಕು. ಹಾಜರಿ ಸಾಲದೆ ಪ್ರತಿ ವರ್ಷ ಅಲ್ಲೇ ಉಳಿಯುತ್ತಿದ್ದಳು. "ನಮ್ ಕೂಸಿಗೆ ಒಂದನೇ ಕ್ಲಾಸು ಬಾಯಿಪಾಠ ಆಗೋಯ್ತು. ಈಗ ಅದೇ ನಿಮ್ಗೆ ಹೇಳ್ಕೊಡ್ತದೆ" ಎಂದು ಮೆಂಬರಕ್ಕ ತಮಾಷೆ ಮಾಡಿದಳು. ಮಾಡಿ, ಹಳ್ಳದ ಕಡೆ ನೋಡಿ, "ಲಿಂಗನಮಕ್ಕೀಲಿ ಅಷ್ಟು ದೊಡ್ಡ ಹೊಳೆಗೇ ಅಡ್ಡ ಕಟ್ಟಿದ್ರು. ನಮ್ ಗಂಡಸ್ರೇ ಹೋಗಿ ಕಲ್ಲು ಹೊತ್ರು. ಈ ಹಳ್ಳಕ್ಕೆ ಹಾಕಕ್ಕೆ ನಾಕು ಕಲ್ಲಿಲ್ವಾ?" ಎಂದಳು. ಆಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಕಲ್ಲು ಬಂದವು. ಊರಿಗೊಂದು ಭದ್ರವಾದ ಕಾಲುಸಂಕವೆಂದು ತಾಲ್ಲೂಕಿನಿಂದ ಮಂಜೂರಾಗಿ ಲಾರಿಯಲ್ಲಿ ಉದ್ದನೆಯ ಚಪ್ಪಡಿಗಳೂ ಕಂಬ ಕಟ್ಟುವ ಕಲ್ಲುಗಳೂ ಬಂದವು. ಇಳಿಸಿದ್ದು ಎಲ್ಲಿ? ಕೇರಿಯವರು ಹಳ್ಳ ದಾಟುವ ದಾಟಿನಲ್ಲಲ್ಲ. ಅಲ್ಲಿಂದ ಒಂದು ಕೂಗಳತೆ ಮೇಲೆ, ಒಡೆಯರ ತೋಟದ ಬಾಗಿಲಲ್ಲಿ. ಹಳ್ಳದಾಚೆ ಅವರದೇ ಇನ್ನೊಂದು ತೋಟವಿತ್ತು. ಆಳುಗಳು ಮಳೆಗಾಲದಲ್ಲೂ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊತ್ತು ದಾಟಬೇಕಲ್ಲ! ಆ ತೋಟಕ್ಕೆ ಸುತ್ತಲೂ ಬೇಲಿ. ಅದರೊಳಗಿಂದ ಕೇರಿಯ ಮಕ್ಕಳು ಶಾಲೆಗೆ ಬರುವಂತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಡದಿರುವುದಷ್ಟೇ ಅಲ್ಲ, ತಾನೇ ಉಂಡು ಕೈ ತೊಳೆಯಲು ಕೂತಿದ್ದ.

ಕೆಲಸ ನೋಡಲು ತಾಲ್ಲೂಕಿನ ಸಾಹೇಬರು ಬಂದ ದಿನ ಜಗಲಿಯಲ್ಲಿ ಮೀಟಿಂಗು. ಸಾಹೇಬರಿಗೆ ಅವಲಕ್ಕಿ, ಬಾಳೆಹಣ್ಣು, ಕಾಫಿ. ಶಾಲೆಯ ಹೆಂಚು ಒಡೆದದ್ದನ್ನು ಹೇಳಿಕೊಳ್ಳಲು ನಾನೂ ಹೋಗಿದ್ದೆ. ಗುಮಾಸ್ತ ಎಂದಿನಂತೆ ಹೆಬ್ಬೆಟ್ಟಿಗೆ ಮೆಟ್ಟಿಲಿಳಿದ. ಮೆಂಬರಕ್ಕ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎದ್ದು ನಿಂತಳು.

"ಸ್ವಾಮೀ, ನಾನೂ ಮೆಂಬರೇ ಅಲ್ವಾ?" ಎಂದು ಸಾಹೇಬರನ್ನೇ ಕೇಳಿದಳು.

ಸಾಹೇಬರು ಬಾಳೆಹಣ್ಣು ಹಿಡಿದುಕೊಂಡೇ "ಹೌದಮ್ಮ" ಎಂದರು.

"ಹಂಗಾರೆ ಮೀಟಿಂಗು ನಂಗೂ ಕೇಳ್ಬೇಕು. ಜಗ್ಲಿ ಮೇಲೆ ನಮ್ಗೆ ಜಾಗ ಇಲ್ದಿದ್ರೆ ಬ್ಯಾಡ, ಪಂಚಾಯ್ತಿನೇ ಕೆಳ್ಗಿಳೀಲಿ. ಊರೋರ್ನೆಲ್ಲ ಕೂರ್ಸಿ ಕೇಳಿ, ಸಂಕ ಎಲ್ಲಿ ಬೇಕು ಅಂತ."

ಜಗಲಿಯ ಮೇಲೆ ಒಬ್ಬರು ನಕ್ಕರು. ಒಡೆಯರು ನಗಲಿಲ್ಲ. "ಏನೇ, ನಾಲಿಗೆ ಉದ್ದ ಆಯ್ತಾ?" ಎಂದರು. ಆದರೆ ಊರಿನವರ ಸಭೆ ಕರೆಯಬೇಕೆಂಬ ಕಾನೂನು ಇದ್ದದ್ದು ಸಾಹೇಬರಿಗೆ ಗೊತ್ತಿತ್ತು, ಅದನ್ನು ಎಂದೂ ಕರೆದಿಲ್ಲವೆಂಬುದೂ ಗೊತ್ತಿತ್ತು. ನನ್ನ ಮುಂದೆ ಇಲ್ಲವೆನ್ನಲಾಗದೆ, "ನಾಳೆ ಶಾಲೆ ಅಂಗಳದಲ್ಲಿ ಸೇರಿಸಿ, ನಾಡಿದ್ದು ಬೆಳಿಗ್ಗೆ ಬಸ್ಸಿಗೆ ನಾನು ಹೋಗ್ಬೇಕು" ಎಂದರು.

ಮರುದಿನ ಕೇರಿಗೆ ಕೇರಿಯೇ ಬಂತು. ನನಗೆ ಹಬ್ಬದಷ್ಟು ಸಂತೋಷ. ತಲೆ ಎಣಿಸಿದರೆ ಗೆದ್ದಂತೆಯೇ. ಬೆಂಚು ಹೊರಗೆ ಹಾಕಿಸಿದೆ. ಒಡೆಯರು ಬಂದು ಅದರ ಮೇಲೆ ಕೂತರು. ಕೂತದ್ದೇ ತಡ, ಕೇರಿಯ ಗಂಡಸರೆಲ್ಲ ಹೆಗಲ ಮೇಲಿನ ಟವೆಲನ್ನು ಇಳಿಸಿ ಕಂಕುಳಲ್ಲಿ ಅವುಚಿಕೊಂಡು, ಎರಡೂ ಕೈ ಕಟ್ಟಿ, ಬೆನ್ನು ಬಗ್ಗಿಸಿ ನಿಂತರು. ಒಡೆಯರ ಮುಂದೆ ನಿಲ್ಲುವ ಕ್ರಮ ಅದು. ಅಪ್ಪ ಹಾಗೆ ನಿಂತಿದ್ದ, ಅಜ್ಜ ಹಾಗೆ ನಿಂತಿದ್ದ.

"ಸಂಕ ಕೇರಿಯ ದಾಟಿನಲ್ಲಿ ಬೇಕು ಅನ್ನುವವರು ಕೈ ಎತ್ತಿ" ಎಂದರು ಸಾಹೇಬರು.

ಒಂದು ಕೈ ಎದ್ದಿತು. ಮೆಂಬರಕ್ಕನದು. ಹೆಂಗಸರು ಗಂಡಸರನ್ನು ನೋಡಿದರು, ಗಂಡಸರು ನೆಲ ನೋಡಿದರು. ಕೈ ಎತ್ತಿದರೆ ಕಂಕುಳಿನ ಟವೆಲು ಬೀಳುತ್ತದೆ. ಒಡೆಯರ ಎದುರು ಟವೆಲು ಬೀಳಿಸುವುದು ಹೇಗೆ? ನಿನ್ನೆ ಸಂಜೆ ನನ್ನ ಮುಂದೆ ಎದೆ ತಟ್ಟಿಕೊಂಡು ಮಾತಾಡಿದ್ದ ಮುದುಕರೂ ಕಲ್ಲಿನಂತೆ ನಿಂತಿದ್ದರು. ಸಾಹೇಬರು ಮತ್ತೊಮ್ಮೆ ಕೇಳಿದರು. ಒಡೆಯರು ಮೀಸೆಯೊಳಗೇ ನಕ್ಕರು. "ಒಬ್ಬಳ ಹಟಕ್ಕೆ ಊರಿನ ಕೆಲಸ ಕೆಡಿಸಬಾರದಮ್ಮ" ಎಂದು ಬುದ್ಧಿ ಹೇಳಿ ಸಾಹೇಬರು ಮೀಟಿಂಗು ಮುಗಿಸಿದರು.

ನನಗೆ ಮೈಯೆಲ್ಲ ಉರಿಯಿತು. ಸಂಜೆ ಕೇರಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. "ಕೈ ಇರೋದು ಎಂತಕ್ಕೆ ನಿಮಗೆ? ಒಂದು ಸಲ ಮೇಲಕ್ಕೆ ಎತ್ತೋಕಾಗಲಿಲ್ವಾ?" ಮೆಂಬರಕ್ಕ ಮೊಮ್ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ಕೆಳಗಿಟ್ಟು ಹೇಳಿದಳು: "ಬೈಬ್ಯಾಡಿ ಅಕ್ಕೋರೇ. ಕೈ ಎತ್ತದು ನಮ್ಗೆ ಯಾರೂ ಕಲ್ಸಿಲ್ಲ. ಹೊರದು ಕಲ್ಸಿದಾರೆ. ಬರೋದನ್ನೇ ಮಾಡನ."

ಬೆಳಿಗ್ಗೆ ನಾನು ಮುಖ ತೊಳೆಯುವ ಹೊತ್ತಿಗೆ ಹಳ್ಳದ ಕಡೆಯಿಂದ ಗಂಡಸರ ಏಲೇಲೋ ಕೇಳಿಸಿತು. ಓಡಿಹೋಗಿ ನೋಡಿದೆ. ಕೇರಿಯ ಹೆಂಗಸರು ಸಾಲುಗಟ್ಟಿ, ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಕಲ್ಲು. ಹಿಂದೆ ಗಂಡಸರು ಚಪ್ಪಡಿಗೆ ಹಗ್ಗ ಬಿಗಿದು ಅಡ್ಡೆ ಹೊತ್ತು, ಲಿಂಗನಮಕ್ಕಿಯಲ್ಲಿ ಕಲಿತ ವರಸೆಯಲ್ಲಿ ಹೆಜ್ಜೆ ಹಾಕುತ್ತಿದ್ದರು. ಒಡೆಯರ ತೋಟದ ಬಾಗಿಲಿನಿಂದ ಕೇರಿಯ ದಾಟಿಗೆ. ಎಲ್ಲರಿಗಿಂತ ಮುಂದೆ ಮೆಂಬರಕ್ಕ, ನೆತ್ತಿಯ ಮೇಲೆ ನಾನು ಅಲುಗಿಸಲೂ ಆಗದಂಥ ಕಲ್ಲು.

ಬಸ್ಸಿಗೆ ಹೊರಟಿದ್ದ ಸಾಹೇಬರೂ ಒಡೆಯರೂ ಬಂದರು. "ಏನಮ್ಮ ಇದು? ನಿನ್ನೆ ತೀರ್ಮಾನ ಆಯ್ತಲ್ಲ?" ಎಂದು ಸಾಹೇಬರು ಗದರಿದರು.

ಅವಳು ಕಲ್ಲನ್ನು ಇಳಿಸಲಿಲ್ಲ. ಹೊತ್ತುಕೊಂಡೇ ಹೇಳಿದಳು: "ನಿನ್ನೆ ಕೈ ಎಣಿಸಿದ್ರಿ ಸ್ವಾಮಿ. ಇವತ್ತು ತಲೆ ಎಣಿಸ್ಕಳಿ."

ಒಡೆಯರು ಕೆಂಡವಾದರು. "ವಾಪಸ್ ಹೊರ್ರೋ ಎಲ್ಲಾ!" ಎಂದು ಕೂಗಿದರು. ಗಂಡಸರು ಚಪ್ಪಡಿಯನ್ನು ದಾಟಿನಲ್ಲಿ ಮೆಲ್ಲಗೆ ಇಳಿಸಿ, ಹೆಗಲಿನ ಟವೆಲು ತೆಗೆದು ಕಂಕುಳಲ್ಲಿ ಅವುಚಿಕೊಂಡು, ಕೈ ಕಟ್ಟಿ, ಬೆನ್ನು ಬಗ್ಗಿಸಿ ನಿಂತರು. ಥೇಟ್ ನಿನ್ನೆಯ ಹಾಗೆಯೇ. ಇಲ್ಲ ಎಂದು ಒಬ್ಬನೂ ಅನ್ನಲಿಲ್ಲ. ಒಬ್ಬನೂ ಅಲುಗಲಿಲ್ಲ. ಕಲ್ಲು ವಾಪಸ್ ಹೋಗಬೇಕಾದರೆ ಹೊರಬೇಕಾದವರು ಅವರೇ ಎಂಬುದು ಒಡೆಯರಿಗೆ ಆಗ ಹೊಳೆದಿರಬೇಕು. ಸಾಹೇಬರು ಗಡಿಯಾರ ನೋಡಿಕೊಂಡು, "ಇರ್ಲಿ ಬಿಡಿ ಸ್ವಾಮಿ, ಸಂಕ ಎಲ್ಲಾದರೂ ಸಂಕವೇ" ಎಂದು ಬಸ್ಸಿಗೆ ನಡೆದರು. ಮಳೆ ಹಿಡಿಯುವ ಮೊದಲೇ ಕೇರಿಯವರು ಸಂಕ ಕಟ್ಟಿ ಮುಗಿಸಿದರು. ಆ ವರ್ಷ ಆ ಹುಡುಗಿ ಎರಡನೇ ಕ್ಲಾಸಿಗೆ ಹೋದಳು.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ನಗುತ್ತಾ ಹೇಳುತ್ತಿದ್ದೆ. ಆ ಸುಗ್ಗಿ ಮುಗಿಯುತ್ತಿದ್ದಂತೆ ಒಡೆಯರು ಮೆಂಬರಕ್ಕನ ಗೇಣಿ ಬಿಡಿಸಿದರು. ಅವಳ ಗಂಡ ಕಾಡು ಕಡಿದು ಹಸನು ಮಾಡಿದ್ದ ಗದ್ದೆಯನ್ನು ಅದೇ ಕೇರಿಯ ಇನ್ನೊಬ್ಬನಿಗೆ ಕೊಟ್ಟರು. ಅವನು ತೆಗೆದುಕೊಂಡ! ಸಂಕದ ಮೇಲೆ ನಡೆದುಹೋಗಿಯೇ ತೆಗೆದುಕೊಂಡು ಬಂದ. ಸಂಕದ ತಲೆಗೆ ಒಂದು ಕಲ್ಲು ನಿಲ್ಲಿಸಿ, ಅಧ್ಯಕ್ಷರು ಊರಿಗಾಗಿ ಕಟ್ಟಿಸಿದ್ದು ಎಂದು ಒಡೆಯರ ಹೆಸರನ್ನು ಕೆತ್ತಿದರು. ಮುಂದಿನ ಚುನಾವಣೆಯಲ್ಲಿ ಹೆಂಗಸರ ಸೀಟಿಗೆ ಬೇರೆಯವಳು ಬಂದಳು. ನಾನು ಕಂಡಕಂಡವರಿಗೆ ಅರ್ಜಿ ಬರೆದೆ, ಏನೂ ಆಗಲಿಲ್ಲ. ಮೆಂಬರಕ್ಕ ಕೂಲಿಗೆ ಹೋದಳು.

ಕೆಲವು ವರ್ಷಗಳ ಮೇಲೆ ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ಕೇರಿಯವರೆಲ್ಲ ಅರ್ಜಿ ಹಾಕಿದರು. ಹೆದರಿದವರನ್ನು ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋದವಳು ಅವಳೇ. ಎಲ್ಲರಿಗೂ ಗದ್ದೆ ಆಯಿತು. ಅವಳ ಗದ್ದೆಯೂ ಆಯಿತು, ಅದನ್ನು ತೆಗೆದುಕೊಂಡಿದ್ದವನಿಗೆ. ಅವಳು ಗೇಣಿಯವಳೇ ಅಲ್ಲವಲ್ಲ! ಊರಿಗಾಗಿ ಕಲ್ಲು ಹೊತ್ತದ್ದಕ್ಕೆ ಗೇಣಿ ಹೋಯಿತು, ಗೇಣಿ ಹೋದದ್ದಕ್ಕೆ ಭೂಮಿ ಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದನ್ನು ನಾನು ಪಾಠದಲ್ಲಿ ಹೇಳಿಕೊಟ್ಟಿದ್ದೆ, ಕಣ್ಣಿಂದ ಕಂಡದ್ದು ಆ ಊರಿನಲ್ಲಿ. ನಾನು ಸಿಡಿದರೆ ಅವಳು, "ಅವ್ರಿಗಾದ್ರೂ ಆಯ್ತಲ್ಲ ಅಕ್ಕೋರೇ. ಮಕ್ಳು ದಾಟ್ತಾವಲ್ಲ" ಎನ್ನುತ್ತಿದ್ದಳು. ಅವಳಿಗೆ ಸಮಾಧಾನವಾದದ್ದು ನನಗೆ ಇವತ್ತಿಗೂ ಆಗಿಲ್ಲ.

ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಸಾಗರದಲ್ಲಿದ್ದೆ. ಹೋಗುವಷ್ಟರಲ್ಲಿ ಅವಳನ್ನು ಆ ಸಂಕದ ಮೇಲೆಯೇ ಹೊತ್ತು ದಾಟಿಸಿ ಆಗಿತ್ತು. ಕೆಲವು ದಿನಗಳ ನಂತರ ಪಂಚಾಯ್ತಿಯ ಹೊಸ ಕಟ್ಟಡದಲ್ಲಿ ಸಂತಾಪಸಭೆ. ಆಗ ಒಡೆಯರ ಮಗ ಅಧ್ಯಕ್ಷ. ನಮ್ಮ ತಂದೆಯವರು ಗುರುತಿಸಿ ಬೆಳೆಸಿದ ಮಹಿಳೆ ಎಂದು ಅವನು ಭಾಷಣ ಮಾಡಿದ. ಸಂತಾಪದ ನಿರ್ಣಯಕ್ಕೆ ಒಪ್ಪಿಗೆಯಿದ್ದವರು ಕೈ ಎತ್ತಬೇಕೆಂದ. ಕುರ್ಚಿಗಳ ಮೇಲೆ ಕೂತಿದ್ದ ಕೇರಿಯವರೆಲ್ಲ ಕೈ ಎತ್ತಿದರು. ವಾಚು ಕಟ್ಟಿದ ಕೈಗಳು, ಅವಳು ಬದುಕಿದ್ದಾಗ ಒಂದು ಸಲವೂ ಏಳದ ಕೈಗಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿದೆ: "ಸಂಕದ ಕಲ್ಲಿನ ಮೇಲಿನ ಹೆಸರು ಅಳಿಸಿ ಅವಳ ಹೆಸರು ಕೆತ್ತಬೇಕು. ಇದಕ್ಕೆ ಯಾರು ಕೈ ಎತ್ತುತ್ತೀರಿ?"

ಎಲ್ಲರೂ ಅಧ್ಯಕ್ಷನ ಮುಖ ನೋಡಿದರು. ಕೈಗಳು ಒಂದೊಂದಾಗಿ ಮಡಿಲಿಗೆ ಇಳಿದವು.

ಈಗ ನನಗೆ ವಯಸ್ಸಾಗಿದೆ. ಸಾಗರದಲ್ಲಿ ನಮ್ಮ ಬೀದಿಯ ಚರಂಡಿಗೆ, ನಲ್ಲಿಗೆ ಯಾವ ಸಭೆ ಕರೆದರೂ ಮೊದಲು ಏಳುವ ಕೈ ನನ್ನದು. ಜಗಳಗಂಟಿ ಎನ್ನುತ್ತಾರೆ, ಎನ್ನಲಿ. ಆ ಕೈಯನ್ನು ಎತ್ತಿಸಿದವಳು ಅವಳು. ಅವಳಿಗೆ ಒಂದು ಒಳ್ಳೆಯ ಹೆಸರಿತ್ತು. ಅದನ್ನು ನಾನು ಇಲ್ಲಿ ಬೇಕೆಂದೇ ಬರೆದಿಲ್ಲ. ಮೊದಲು ಆ ಕಲ್ಲಿನ ಮೇಲೆ ಬರೆಯಲಿ, ಆಮೇಲೆ ನಾನು ಬರೆಯುತ್ತೇನೆ.