ಹೊಟ್ಟೆಯೊಳಗಿನ ಕಾವಲು

ಹೊಂಗನೂರಿನಿಂದ ರಾಮನಗರದವರೆಗೆ ಎಲ್ಲೆಲ್ಲಿ ಟಾಯ್ಲೆಟ್ ಇದೆ, ಯಾವುದಕ್ಕೆ ಚಿಲಕ ಇಲ್ಲ, ಯಾವುದರಲ್ಲಿ ನೀರು ಬರುವುದಿಲ್ಲ ಅನ್ನುವುದು ನನ್ನಷ್ಟು ಗೊತ್ತಿರುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಜಂಬ ಕೊಚ್ಚಿಕೊಳ್ಳುವ ವಿದ್ಯೆಯೇನಲ್ಲ. ಡಿಗ್ರಿ ಎರಡನೇ ವರ್ಷದಲ್ಲಿ ಹೊಟ್ಟೆ ಕೆಟ್ಟಿತು, ಕೆಟ್ಟದ್ದು ಸರಿಹೋಗಲೇ ಇಲ್ಲ. ಮೊದಲು ಭೇದಿ, ಆಮೇಲೆ ರಕ್ತ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದ ದಿನ ಕಾಲೇಜಿಗೇ ಹೋಗುತ್ತಿರಲಿಲ್ಲ. ರಕ್ತದ ವಿಷಯ ಅಮ್ಮನಿಗೆ ಹೇಳಿದೆ, ಅಮ್ಮ ಅಪ್ಪನ ಕಿವಿಗೆ ಹಾಕಿದಳು. ಅಷ್ಟೇ, ಮನೆಯಲ್ಲಿ ಯುದ್ಧ ಶುರುವಾಯಿತು.

ಅಪ್ಪ ರೇಷ್ಮೆ ಹುಳು ಮೇಯಿಸುವವನು. ಅವನ ಪ್ರಕಾರ ಕಾಯಿಲೆ ಎಂದರೆ ಹೊರಗಿನಿಂದ ಬರುವಂಥದ್ದು. ಒದ್ದೆ ಸೊಪ್ಪಿನಲ್ಲಿ ಬರುತ್ತದೆ, ಚಪ್ಪಲಿಯ ಮಣ್ಣಿನಲ್ಲಿ ಬರುತ್ತದೆ, ತೊಳೆಯದ ಕೈಯಲ್ಲಿ ಬರುತ್ತದೆ. ಒಂದು ಬೆಳೆ ಮುಗಿದರೆ ಹುಳುಮನೆಯ ತಟ್ಟೆ, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯುತ್ತಾನೆ. ಅದೇ ಲೆಕ್ಕದಲ್ಲಿ ಸಂಪು ಖಾಲಿ ಮಾಡಿ ಉಜ್ಜಿದ, ಕಕ್ಕಸಿನ ಸುತ್ತ ಸುಣ್ಣ ಸುರಿದ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬಿಸಿಲಿಗೆ ಹಾಕಿದ. ಕೊನೆಗೆ ಅನುಮಾನ ಬಿಡದಿಯ ತಟ್ಟೆ ಇಡ್ಲಿಯ ಮೇಲೆ ಬಂತು. ನಾನು ಗೆಳತಿಯ ಜೊತೆ ಹೋಗಿ ತಿಂದದ್ದು ಒಂದೇ ಸಲ. ಆ ಬಡಪಾಯಿ ಇಡ್ಲಿ ನಮ್ಮ ಮನೆಯಲ್ಲಿ ತಿಂದ ಬೈಗುಳ ಅಷ್ಟಿಷ್ಟಲ್ಲ.

ಯಾವುದಕ್ಕೂ ಕಾಯಿಲೆ ಜಗ್ಗದಿದ್ದಾಗ ಅಪ್ಪ ನನ್ನ ಊಟ ನಿಲ್ಲಿಸಿದ. ಪೊರೆ ಬಿಡುವ ಮುಂಚೆ ಹುಳು ತಲೆಯೆತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಎದ್ದ ಮೇಲೆ ಹಾಕಬೇಕು.

"ನಿನ್ ಕರ್ಳೂ ಜ್ವರಕ್ಕೆ ಕುಂತೈತೆ ಕಣವ್ವ," ಅಂದ. "ಒಸಿ ದಿನ ಏನೂ ಹಾಕದ್ ಬ್ಯಾಡ. ತಾನೇ ಏಳ್ತದೆ."

ಉಂಡರೆ ನೋವು, ಉಣ್ಣದಿದ್ದರೆ ಒಂದಿಷ್ಟು ವಾಸಿ. ಹಾಗಾಗಿ ನಾನೂ ಒಪ್ಪಿಕೊಂಡು ಗಂಜಿ ತಿಳಿ ಕುಡಿದುಕೊಂಡು ಬಿದ್ದಿದ್ದೆ. ಹುಳು ಒಂದು ದಿನದಲ್ಲಿ ಎದ್ದು ಸೊಪ್ಪು ಕೇಳುತ್ತದೆ. ನಾನು ಏಳಲಿಲ್ಲ. ಚೂಡಿದಾರದ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾಯಿತು. ಕಕ್ಕಸಿನ ಬಾಗಿಲಾಚೆ ಅಪ್ಪ ನಿಂತು, ಆಯ್ತೇನವ್ವ ಅಂತ ಕೇಳುವನು. ಅವನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಉತ್ತರ ಕೊಡದೆ ನೀರಿನ ನಲ್ಲಿ ಜೋರಾಗಿ ಬಿಡುತ್ತಿದ್ದೆ.

ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಕ್ಯಾಮೆರಾ ಇರುವ ಪೈಪು ಹಾಕಿ ನೋಡಿದರು. ದೊಡ್ಡ ಕರುಳಿನ ಒಳಗೋಡೆಯ ತುಂಬ ಹುಣ್ಣು. ಡಾಕ್ಟರಮ್ಮ ನಮ್ಮ ಕಡೆಯ ಮಾತು ಬಲ್ಲವರು, ತಾಳ್ಮೆಯವರು. ಮೊದಲು ಊಟ ನಿಲ್ಲಿಸಿದ್ದಕ್ಕೆ ಅಪ್ಪನಿಗೆ ಮೆತ್ತಗೆ ಗದರಿದರು. ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೊರಗಿನ ಪದಾರ್ಥ ದಿನಕ್ಕೆ ಮೂರು ಹೊತ್ತು ಒಳಗೆ ಬರುವುದು ಕರುಳಿಗೇ ಆದ್ದರಿಂದ ಮೈಯ ಕಾವಲಿನವರಲ್ಲಿ ಬಹುಪಾಲು ಅಲ್ಲೇ, ಆ ಗೋಡೆಯಲ್ಲೇ ಇರುತ್ತಾರಂತೆ. ಅವರ ಕೆಲಸ ಬರೀ ಹೊಡೆಯುವುದಲ್ಲ. ಮುದ್ದೆ, ಸಾರು, ಹಾಲು, ಜೊತೆಗೆ ಕರುಳಲ್ಲೇ ಬಿಡಾರ ಹೂಡಿ ನಮಗೆ ಉಪಕಾರ ಮಾಡುವ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು, ಇವೆಲ್ಲ ನಮ್ಮವೇ ಎಂದು ಗುರುತಿಟ್ಟುಕೊಂಡು ಸುಮ್ಮನಿರುವುದೂ ಅವರ ಕೆಲಸ. ಸುಮ್ಮನಿರುವುದನ್ನು ಕಲಿಯುವುದೇ ಕಷ್ಟ ಅಂದರು. ನನ್ನ ಮೈಯ ಕಾವಲಿನವರು ಅದನ್ನು ಮರೆತಿದ್ದಾರೆ. ಆ ಜೀವಿಗಳ ಮೇಲೆ ಬೀಳಲು ಹೋಗಿ ನನ್ನ ಕರುಳನ್ನೇ ಸುಡುತ್ತಿದ್ದಾರೆ.

ಹಾಗಾದರೆ ಇದು ಯಾವ ರೋಗಾಣು ಎಂದು ಅಪ್ಪ ಕೇಳಿದ. ರೋಗಾಣು ಇಲ್ಲ ಅಂದರು. ಯಾಕೆ ಮರೆತರು ಎಂದು ನಾನು ಕೇಳಿದೆ. ಪೂರ್ತಿ ಯಾರಿಗೂ ಗೊತ್ತಿಲ್ಲ ಅಂದರು. ಕಾವಲನ್ನು ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಆ ಚೀಟಿಯನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಲೇ ಇದ್ದ. ಕಾವಲು ಕಮ್ಮಿ ಮಾಡುವುದೂ ಒಂದು ಔಷಧಿಯಾ ಅನ್ನುವುದು ಅವನ ಸಂಕಟ. ಶತ್ರು ಇದ್ದಿದ್ದರೆ ಅಪ್ಪ ಹೇಗೋ ಗೆಲ್ಲುತ್ತಿದ್ದ. ಇಲ್ಲಿ ಉಜ್ಜಿ ತೊಳೆಯುವುದಕ್ಕೆ ಏನೂ ಇರಲಿಲ್ಲ.

ಮಾತ್ರೆಗೆ ರಕ್ತ ನಿಂತಿತು, ಮುಖ ಊದಿಕೊಂಡಿತು. ಕೆನ್ನೆ ತುಂಬಿಕೊಂಡಿದೆ, ಮದುವೆ ಗೊತ್ತಾಯಿತಾ ಎಂದು ಬೀದಿಯವರೆಲ್ಲ ಕೇಳುವವರೇ. ನಾನು ಹಲ್ಲು ಕಿರಿದು ಒಳಗೆ ಹೋಗುತ್ತಿದ್ದೆ. ಡಿಗ್ರಿ ಮುಗಿಸಿದೆ, ಚನ್ನಪಟ್ಟಣದಲ್ಲಿ ಒಂದು ಗೊಂಬೆ ಅಂಗಡಿಯ ಲೆಕ್ಕ ನೋಡುವ ಕೆಲಸಕ್ಕೂ ಸೇರಿದೆ. ಬಸ್ಸಿನಲ್ಲಿ ಹಿಂದಿನ ಸೀಟಲ್ಲಿ ಕೂರುವಷ್ಟು ಧೈರ್ಯ ಬಂದಿತ್ತು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ರಕ್ತ. ಮಾತ್ರೆ ಬದಲಾಯಿತು, ಇಂಜೆಕ್ಷನ್ ಬಂತು, ಒಂದು ಇಂಜೆಕ್ಷನ್ ಹೋಗಿ ಇನ್ನೊಂದು ಬಂತು. ಪ್ರತಿಯೊಂದೂ ಸ್ವಲ್ಪ ದಿನ ಆಸೆ ತೋರಿಸಿ ಕೈಕೊಟ್ಟಿತು. ನನ್ನ ಮೈಯನ್ನು ನಾನೇ ನಂಬುವಂತಿರಲಿಲ್ಲ. ಅದಕ್ಕಿಂತ ಒಂಟಿತನ ಇನ್ನೊಂದಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಕಳೆದ ತಿಂಗಳು ಡಾಕ್ಟರಮ್ಮ, ಔಷಧಿಯಲ್ಲಿ ಇನ್ನು ಹೆಚ್ಚೇನೂ ಉಳಿದಿಲ್ಲ ಅಂದರು. ದೊಡ್ಡ ಕರುಳನ್ನು ತೆಗೆದುಹಾಕಬೇಕು, ಸದ್ಯಕ್ಕೆ ಮಲ ಬಂದು ಬೀಳಲು ಹೊಟ್ಟೆಯ ಪಕ್ಕದಲ್ಲಿ ಚೀಲ ಕಟ್ಟಬೇಕು, ಮುಂದಿನದು ಆಮೇಲೆ ನೋಡೋಣ ಅಂದರು. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕರುಳನ್ನೇ ನೋಡುತ್ತ ಕೂತೆ. ಅಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಂದು ತೆಗೆದು ಅವಳ್ಗೆ ಹಾಕಿ ಮೇಡಮ್ಮೋರೆ," ಅಂದ. "ನಂಗೆ ವಯಸ್ಸಾಯ್ತು. ಕರ್ಳು ಗಟ್ಟಿಯಾಗೈತೆ, ಕಲ್ ತಿಂದ್ರೂ ಅರಗ್ತದೆ."

ಇದಕ್ಕೆ ಹಾಗೆ ಹಾಕುವ ಪದ್ಧತಿ ಇಲ್ಲ ಎಂದು ಅವರು ಹೇಳಿದರು. ಅಪ್ಪ ಬಿಡಲಿಲ್ಲ, ಪ್ರಯತ್ನ ಮಾಡಿ ನೋಡಿ ಎಂದು ಕೈಮುಗಿದ. ಡಾಕ್ಟರಮ್ಮ ಕನ್ನಡಕ ತೆಗೆದರು. ಹಾಕಿದರೂ ಉಳಿಯುವುದಿಲ್ಲ, ಇದು ಬೇರೆಯವರದು ಎಂದು ಅವಳ ಮೈ ಗುರುತು ಹಿಡಿದುಬಿಡುತ್ತದೆ, ಈಗಿನದಕ್ಕಿಂತ ಜೋರಾಗಿ ಅದರ ಮೇಲೆ ಬೀಳುತ್ತದೆ ಅಂದರು.

ಅಪ್ಪ ನನ್ನ ಕಡೆ ತಿರುಗಿ ನೋಡಿದ. ಆಮೇಲೆ ಅವರ ಕಡೆ ನೋಡಿದ.

"ಬ್ಯಾರೆಯವ್ನು ಯಾಕಾಯ್ತೀನಿ ಮೇಡಮ್ಮೋರೆ," ಅಂದ. "ನಾನ್ ಅವಳ ಅಪ್ಪ."