ಊಟ ಆರುತ್ತದೆಂದು ನಿಲ್ಲಿಸಿದ ಮಾತು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಸಂಗತಿ. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗಿನಲ್ಲಿರುವ ಮಗಳು ಗೀತಾಳ ಮನೆಯಿಂದ ನಾರ್ತ್ ಕೆರೊಲಿನಾದ ಏಪೆಕ್ಸ್‌ಗೆ ಹೋಗಿದ್ದೆವು. ಅಲ್ಲಿ ಕನ್ನಡದವರ ಬೇಸಿಗೆ ಕೂಟ. ನಾನು ನಾಲ್ಕನೇ ಕ್ಲಾಸು ಓದಿದವಳು; ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಹೆಚ್ಚುಕಡಿಮೆ ಮುನ್ನೂರು ಮೈಲಿ ದಾರಿ. ಗೀತಾ ಡ್ರೈವ್ ಮಾಡಿದಳು. ಹಿಂದಿನ ಸೀಟಿನಲ್ಲಿ ನಾನು, ಮೊಮ್ಮಗಳು ಅನಘಾ, ನಡುವೆ ಪುಳಿಯೋಗರೆ ಡಬ್ಬಿ. ವಾಷಿಂಗ್ಟನ್ ದಾಟುವುದರೊಳಗೆ ಟ್ರಾಫಿಕ್ಕು ಅರ್ಧ ಬೆಳಗನ್ನು ತಿಂದಿತು. ಅನಘಾಗೆ ಹದಿನಾರು, ಅಮೆರಿಕದಲ್ಲೇ ಹುಟ್ಟಿದವಳು. ಕೂಟದಲ್ಲಿ ಹತ್ತು ನಿಮಿಷ ಕನ್ನಡದಲ್ಲೇ ಮಾತಾಡುತ್ತೇನೆಂದು ಹೆಸರು ಕೊಟ್ಟಿದ್ದಳು. ವಿಷಯ, ಗ್ರೀಸ್ ದೇಶದ ಹಳೇ ಕಾಲದ ತತ್ವಜ್ಞಾನಿಗಳು. ಬೇಸಿಗೆ ರಜೆ ಶುರುವಾದಾಗಿನಿಂದ ನನ್ನ ಪಕ್ಕ ಕೂತು, ನಾಲಿಗೆ ಹೊರಳದ ಮಾತುಗಳನ್ನು ಎಡವಿ ಎಡವಿ ಕಲಿತಿದ್ದಳು.

ವರ್ಜೀನಿಯಾದ ರೆಸ್ಟ್ ಏರಿಯಾದಲ್ಲಿ, ಮರದ ಕೆಳಗೆ ಪುಳಿಯೋಗರೆ ತಿನ್ನುತ್ತಾ ಇನ್ನೊಂದು ಸಲ ಒಪ್ಪಿಸಿದಳು.

“ಗುಡುಗು, ಮಳೆ ಎಲ್ಲಾ ದೇವ್ರು ಮಾಡೋದು ಅಂತಿದ್ರು ಜನ. ಇವ್ರು, ನೋ, ನಾವೇ ಯೋಚ್ನೆ ಮಾಡಿ ಕಾರಣ ಹುಡುಕೋಣ ಅಂದ್ರು. ಒಬ್ಬ, ಎಲ್ಲಾ ನೀರಿಂದ ಬಂತು ಅಂದ.”

“ಎಲ್ಲಾ ನೀರಾದ್ರೆ ಸೌದೆ ಯಾಕೆ ಉರಿಯುತ್ತೆ? ಅವನು ಒಲೆ ಹಚ್ಚಿದೋನಲ್ಲ ಬಿಡು.”

“ಅಜ್ಜಿ, ಎಕ್ಸಾಕ್ಟ್ಲಿ! ಹಂಗೇ ಆರ್ಗ್ಯೂ ಮಾಡ್ಬೇಕು. ಆಮೇಲೆ ಇನ್ನೊಬ್ಬ ಬಂದು ಬೆಂಕಿ ಅಂದ. ವಿವೇಕ ಎಲ್ಲರಿಗೂ ಸೇರಿದ್ದು, ಆದ್ರೂ ಜನ ನಿದ್ದೆಯಲ್ಲಿರೋ ಥರ ಬದುಕ್ತಾರೆ ಅಂತಾನೂ ಅಂದ. ಅವನು ಯಾರನ್ನೂ ಕೇಳ್ಲಿಲ್ಲ, ತನ್ನನ್ನ ತಾನೇ ಹುಡುಕಿದ.”

“ಸಿಕ್ಕಿದನಾ?”

“ಅದು ಲಾಸ್ಟ್‌ನಲ್ಲಿ. ಸ್ಟೇಜ್ ಮೇಲೇ ಹೇಳೋದು.”

ಏಪೆಕ್ಸ್ ಮುಟ್ಟಿದಾಗ ಬೆವರಿಗೆ ಸೀರೆ ಮೈಗೆ ಅಂಟಿತ್ತು. ಬಾಡಿಗೆ ಹಾಲಿನೊಳಗೆ ಮಾತ್ರ ಶಾಲು ಹೊದೆಯುವ ಚಳಿ. ಮಕ್ಕಳು ಕುಣಿದರು, ಹಾಡಿದರು. ಆಮೇಲೆ ಕೂಟ ನಡೆಸುವ ಪ್ರಕಾಶ ಎಂಬಾತ ಮೈಕು ಹಿಡಿದ. ಅಲ್ಲಿನ ರಿಸರ್ಚ್ ಪಾರ್ಕಿನಲ್ಲಿ ದೊಡ್ಡ ಕೆಲಸದವನಂತೆ. ನಮ್ಮ ಮಕ್ಕಳ ಬಾಯಲ್ಲಿ ಕನ್ನಡವೇ ಬರುವುದಿಲ್ಲ, ಕನ್ನಡ ಸಾಯುತ್ತಿದೆ ಎಂದು ಗಂಟೆ ಹೊತ್ತು ಅತ್ತ. ಜನ ಚಪ್ಪಾಳೆ ತಟ್ಟಿದರು. ನಂತರ ಗಡಿಯಾರ ನೋಡಿ, “ಸಾರಿ ಅನಘಾ ಪುಟ್ಟಿ, ಟೈಮಿಲ್ಲ. ಬಿಸಿಬೇಳೆಬಾತ್ ಆರಿಹೋಗುತ್ತೆ. ಗ್ರೀಕರಿಗೆ ಎಲ್ಲಾ ನಮ್ಮಿಂದಾನೇ ಹೋಗಿದ್ದಲ್ವಾ? ಒಂದು ಶ್ಲೋಕ ಹೇಳ್ಬಿಡು, ಸಾಕು” ಎಂದ. ಎಲ್ಲರೂ ನಕ್ಕರು.

ಮೆಟ್ಟಿಲ ಹತ್ತಿರ ನಿಂತಿದ್ದ ಹುಡುಗಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ನನಗೆ ಮೈ ಉರಿಯಿತು. ಎದ್ದು ನಿಂತೆ.

“ಕನ್ನಡ ಬರಲ್ಲ ಅಂತ ಈಗ ಅತ್ತೆಯಲ್ಲಪ್ಪಾ, ಬರೋಳು ನಿಂತಿದ್ದಾಳೆ, ಬಾಯಿ ಮುಚ್ಚಿಸ್ತೀಯಾ? ಆರಿದ ಬಾತನ್ನ ಬಿಸಿ ಮಾಡಬಹುದು. ಇವಳು ಆರಿದ್ರೆ ಯಾರು ಬಿಸಿ ಮಾಡ್ತೀರಿ?”

“ಆಂಟಿ, ಕೂಲ್. ಗ್ರೀಕ್ ಫಿಲಾಸಫಿ ನಿಮಗೇನು ಅರ್ಥ ಆಗುತ್ತೆ?”

“ಅರ್ಥ ಆಗಿದ್ರೆ ಯಾಕೆ ಕೇಳ್ತಿದ್ದೆ? ಮನೇಲಿ ಕೂತಿರ್ತಿದ್ದೆ.”

ಅಷ್ಟರಲ್ಲಿ ಜನ ತಟ್ಟೆ ಹಿಡಿದು ಸಾಲು ನಿಂತಾಗಿತ್ತು. ವಿವೇಕ ಎಲ್ಲರದೂ ಇರಬಹುದು, ಬಿಸಿಬೇಳೆಬಾತ್ ಮುಂದೆ ಯಾರದೂ ಅಲ್ಲ. ಸಿಟ್ಟು ಹೆಚ್ಚು ಬಂದದ್ದು ಗೀತಾಳ ಮೇಲೆ. “ಅನು, ಅಡ್ಜಸ್ಟ್ ಮಾಡ್ಕೊ. ಅಮ್ಮಾ, ಸೀನ್ ಮಾಡ್ಬೇಡ, ಪ್ಲೀಸ್” ಎಂದಳು. ಹೆತ್ತವಳೇ! ನಾನು ಊಟ ಮುಟ್ಟಲಿಲ್ಲ.

ಮೋಟೆಲಿಗೆ ಬಂದ ಮೇಲೆ ಅನಘಾ, “ಅಜ್ಜಿ, ಐ ಆಮ್ ಡನ್. ಇನ್ಮೇಲೆ ನೋ ಕನ್ನಡ” ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಆ ಪ್ರಕಾಶ ಗಂಟೆ ಹೊತ್ತು ಅತ್ತು ಮಾಡಿದ್ದು ಇಷ್ಟು.

ಬೆಳಿಗ್ಗೆ ಗೀತಾ, ಟ್ರಾಫಿಕ್ಕಿಗೆ ಮುಂಚೆ ಹೊರಡಬೇಕೆಂದು ಗಡಿಬಿಡಿ ಮಾಡುತ್ತಿದ್ದಳು. ನಾನು ಟೇಬಲಿನ ಮೇಲಿದ್ದ ಕಾರಿನ ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಅಮ್ಮಾ, ಏನಿದು?”

“ಕೂತ್ಕೋ. ಇವಳು ನಿನ್ನೆಯ ಮಾತು ಮುಗಿಸಲಿ. ಆಮೇಲೆ ಹೊರಡೋಣ.”

ಗೀತಾ ಮಂಚದ ಅಂಚಿಗೆ ಕೂತಳು. ಅನಘಾ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡಳು. ನಾನು ಗಂಟು ಬಿಚ್ಚಲಿಲ್ಲ. ಕೊನೆಗೆ ಅವಳು ಎದ್ದು ನಿಂತು, ಮಳೆ ಗುಡುಗಿನಿಂದ ಶುರು ಮಾಡಿದಳು. ತನ್ನನ್ನು ತಾನೇ ಹುಡುಕಿದವನವರೆಗೆ ಬಂದಾಗ ಮತ್ತೆ ಕೇಳಿದೆ, “ಸಿಕ್ಕಿದನಾ?”

“ಇಲ್ಲ ಅಜ್ಜಿ. ಎಷ್ಟು ದಾರಿ ಹೋದ್ರೂ ಆತ್ಮದ ಕೊನೆ ಸಿಗಲ್ಲ, ಅಷ್ಟು ಆಳ ಅಂದ.”

ಗಂಟು ಬಿಚ್ಚಿ ಗೀತಾಳ ಕೈಗೆ ಕೀ ಕೊಟ್ಟೆ.