ಹತ್ತು ರೂಪಾಯಿಯ ನಾಣ್ಯಕ್ಕೆ ಈ ಊರಿನಲ್ಲಿ ಆದ ಅವಮಾನಗಳು

ಹತ್ತು ರೂಪಾಯಿಯ ನಾಣ್ಯದ ದೆಸೆಯಿಂದ, ನಮ್ಮ ಮನೆಗೆ ರೊಟ್ಟಿ ತಂದುಕೊಡುವ ಹೆಂಗಸಿನ ಹೆಸರು ಪಡಿತರ ಚೀಟಿಯಿಂದ ಅಳಿಸಿಹೋಗುವುದರಲ್ಲಿತ್ತು. ಅದನ್ನು ಬರೆದಿಡಬೇಕೆಂದೇ ಕುಳಿತಿದ್ದೇನೆ. ಆದರೆ ತಪ್ಪು ಯಾರದೆಂದು ಹೇಳಬೇಕಾದರೆ ಮೊದಲಿನಿಂದಲೇ ಹೇಳಬೇಕು, ಮೊದಲೆಂದರೆ ಬೆಲ್ಲ.

ಆ ನಾಣ್ಯವನ್ನು ನನಗೆ ಮೊದಲ ಬಾರಿಗೆ ಹಿಂದಿರುಗಿಸಿದವನು ಸನತ್‌ನಗರದಲ್ಲಿ ನಮ್ಮ ಮನೆಯಿಂದ ಮೂರನೆಯ ತಿರುವಿನಲ್ಲಿರುವ ಕಿರಾಣಿ ಅಂಗಡಿಯವನು. ಬೆಲ್ಲ ಕಟ್ಟಿಸಿಕೊಂಡು ಐದು ನಾಣ್ಯಗಳನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟೆ. ಅವನು ಅವನ್ನು ಕೈಯಿಂದ ಮುಟ್ಟಲಿಲ್ಲ. ಸತ್ತ ಜಿರಲೆಯನ್ನು ಸರಿಸುವವನಂತೆ ಬಿಲ್ ಪುಸ್ತಕದ ಅಂಚಿನಿಂದ ನನ್ನ ಕಡೆಗೆ ತಳ್ಳಿದ.

“ಚೆಲ್ಲದಂಡಿ, ಅಂಕುಲ್,” ಎಂದ. ನಡೆಯುವುದಿಲ್ಲವಂತೆ.

ಯಾರು ಹೇಳಿದರು ಎಂದು ಕೇಳಿದೆ. ಎಲ್ಲರೂ ಹೇಳುತ್ತಾರೆ ಎಂದ. ಎಲ್ಲರೂ ಎಂದರೆ ಯಾರು ಎಂದು ಕೇಳಿದೆ. ಆಗ ಅವನು, ನಾನು ಅಲ್ಲಿ ನಿಂತೇ ಇಲ್ಲವೆಂಬಂತೆ, ನನ್ನ ಹಿಂದಿದ್ದವಳ ಕಡೆಗೆ ಕತ್ತು ಚಾಚಿ ಆಕೆಗೇನು ಬೇಕೆಂದು ವಿಚಾರಿಸತೊಡಗಿದ. ಬೆಲ್ಲದ ಪೊಟ್ಟಣವನ್ನು ನನ್ನ ಮುಂದಿನಿಂದ ಎತ್ತಿ ಮತ್ತೆ ಡಬ್ಬಿಗೆ ಸುರಿದುಕೊಂಡ. ಅದು ಮಂಗಳವಾರ. ತೋಳಿನ ಹೊಲಿಗೆ ಬಿಚ್ಚಿದ ನೀಲಿ ಅಂಗಿ ತೊಟ್ಟಿದ್ದ. ಇಂಥವನ್ನು ನಾನು ಮರೆಯುವುದಿಲ್ಲ.

ಹಿಂದೆ ನಿಜಾಮರ ರಾಜಧಾನಿಯಾಗಿದ್ದ ಈ ಊರಿನಲ್ಲಿ, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ತಿರಸ್ಕರಿಸುವುದು ನನ್ನ ಉದ್ಯೋಗವಾಗಿತ್ತು. ತಿರಸ್ಕರಿಸುವುದಕ್ಕೂ ಒಂದು ಕ್ರಮವಿದೆ. ಅಳೆಯಬೇಕು, ನಕ್ಷೆಯೊಡನೆ ಹೋಲಿಸಬೇಕು, ಕಾರಣ ಬರೆದು ಕೆಳಗೆ ಸಹಿ ಹಾಕಬೇಕು. ತಿರುಗಿಸಿಯೂ ನೋಡದೆ, ಯಾರೋ ಅಂದರಂತೆ ಎಂಬ ಆಧಾರದ ಮೇಲೆ ತಿರಸ್ಕರಿಸುವ ಅಧಿಕಾರ ಬೆಲ್ಲ ತೂಗುವವನಿಗೆ ಎಲ್ಲಿಂದ ಬಂತು? ಮನೆಗೆ ಬಂದು ಐದೂ ನಾಣ್ಯಗಳಿಗೆ ವರ್ನಿಯರ್ ಮಾಪಕ ಹಚ್ಚಿದೆ. ಐದೂ ಇಪ್ಪತ್ತೇಳು ಮಿಲಿಮೀಟರ್. ಹೊರಗೆ ಹಳದಿ ಲೋಹದ ಬಳೆ, ಒಳಗೆ ಬಿಳಿ ಲೋಹದ ಬಿಲ್ಲೆ, ಎರಡರ ನಡುವೆ ಉಗುರು ತೂರದಷ್ಟು ಬಿಗಿ. ಇದನ್ನು ನಕಲು ಮಾಡಬಲ್ಲ ಅಚ್ಚು, ಯಂತ್ರ ಮತ್ತು ಬುದ್ಧಿ ಉಳ್ಳವನು ಹತ್ತು ರೂಪಾಯಿಗಾಗಿ ಆ ಕಷ್ಟ ಪಡಲಾರ.

ಆದರೆ ಊರಿನ ಪಂಡಿತರ ಸಿದ್ಧಾಂತವೇ ಬೇರೆ. ಅಂಕಿಯ ಮೇಲೆ ಹತ್ತು ಗೆರೆಗಳಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂದು ಮೊದಲು ಸಾರಿದರು. ಎರಡೂ ಸರ್ಕಾರದ ಟಂಕಸಾಲೆಯವೇ, ಬೇರೆ ಬೇರೆ ಕಾಲದ ವಿನ್ಯಾಸಗಳು ಎಂದು ದೇಶದ ಕೇಂದ್ರ ಬ್ಯಾಂಕು ಮತ್ತೆ ಮತ್ತೆ ತಿಳಿಸಿತು. ಆಗ ಇವರು ಗೆರೆ ಎಣಿಸುವ ಶ್ರಮವನ್ನೂ ಬಿಟ್ಟು ನಾಣ್ಯವನ್ನೇ ಬಿಟ್ಟರು. ಗುಲಾಬಿ ಬಣ್ಣದ ಎರಡು ಸಾವಿರದ ನೋಟು ಬಂದಾಗ ಅದರೊಳಗೆ ಎಲೆಕ್ಟ್ರಾನಿಕ್ ಚಿಪ್ಪು ಅಡಗಿದೆ, ನೆಲದಡಿ ಹೂತರೂ ಪತ್ತೆಯಾಗುತ್ತದೆ ಎಂದು ನನಗೆ ವಿವರಿಸಿದವರೂ ಇದೇ ಜನ. ಇಲ್ಲದ ಚಿಪ್ಪನ್ನು ನಂಬಿದರು, ಕೈಯಲ್ಲಿರುವ ಲೋಹವನ್ನು ನಂಬಲಿಲ್ಲ. ಆ ನೋಟು ಬಂದಷ್ಟೇ ಗತ್ತಿನಿಂದ ಹಿಂದೆ ಹೋಯಿತು. ಇವರ ಜ್ಞಾನ ಮಾತ್ರ ಇಲ್ಲೇ ಉಳಿದಿದೆ.

ಹಣ ಸಾಯುವುದನ್ನು ನಾನು ನೋಡಿಲ್ಲವೆಂದಲ್ಲ. ನಾನು ಹುಟ್ಟಿದ್ದು ಕಲಬುರಗಿ ಕಡೆಯ ಹಳ್ಳಿಯಲ್ಲಿ. ನನ್ನ ಬಾಲ್ಯದಲ್ಲಿ ಅಲ್ಲಿ ಎರಡು ರೂಪಾಯಿಗಳಿದ್ದವು. ಚಾರ್‌ಮಿನಾರದ ಚಿತ್ರವಿದ್ದ ನಿಜಾಮರ ರೂಪಾಯಿಗೆ ಹಾಲಿ ಎನ್ನುತ್ತಿದ್ದರು, ದೇಶದ ಉಳಿದ ಭಾಗದ ರೂಪಾಯಿಗೆ ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ. ನನ್ನ ಅಜ್ಜಿ ಓದು ಬರಹ ಬಾರದವಳು. ಸಂತೆಯಲ್ಲಿ ಸೀರೆಯ ಬೆಲೆ ಕೇಳಿದೊಡನೆ “ಹಾಲಿಯೋ ಕಲ್ದಾರೋ?” ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಎರಡನ್ನೂ ಮನಸ್ಸಿನಲ್ಲಿ ಹೊಂದಿಸಿಬಿಡುತ್ತಿದ್ದಳು. ಸಂಸ್ಥಾನ ಹೋದ ಮೇಲೂ ಕೆಲವು ವರ್ಷ ಹಾಲಿ ಉಳಿಯಿತು. ಕೊನೆಗೆ ಅದನ್ನು ನಿಲ್ಲಿಸಿದಾಗ ಡಂಗುರ ಸಾರಿದರು, ಗಡುವು ಕೊಟ್ಟರು, ಖಜಾನೆಯಲ್ಲಿ ಬದಲಾಯಿಸಿಕೊಟ್ಟರು. ಹೋದ ದೊರೆಯ ನಾಣ್ಯಕ್ಕೂ ಅಷ್ಟು ಮರ್ಯಾದೆ ಸಿಕ್ಕಿತು. ಆಮೇಲೆ ಆಣೆ ಹೋಗಿ ನಯಾ ಪೈಸೆ ಬಂತು, ನಾಲ್ಕಾಣೆಯನ್ನು ಸರ್ಕಾರವೇ ಹಿಂದಕ್ಕೆ ಪಡೆಯಿತು. ಒಂದು ಸಂಜೆ ಐನೂರು, ಸಾವಿರದ ನೋಟುಗಳು ಸತ್ತವು. ಅವುಗಳ ಶವ ಹೊತ್ತು ಸಾಲಿನಲ್ಲಿ ನಿಂತಿದ್ದಾಗ ಬ್ಯಾಂಕಿನ ಕಾವಲುಗಾರನೊಬ್ಬ ನನ್ನ ಭುಜ ಹಿಡಿದು ಹಿಂದೆ ಸರಿಸಿದ್ದ. ಅದೂ ನೆನಪಿದೆ. ಆದರೆ ಅಲ್ಲೆಲ್ಲ ಒಂದು ಆಜ್ಞೆಯಿತ್ತು, ಕೆಳಗೆ ಒಂದು ಸಹಿಯಿತ್ತು. ಯಾವ ಸರ್ಕಾರವೂ ರದ್ದು ಮಾಡದ ನಾಣ್ಯವನ್ನು ಕಿರಾಣಿಯವರು, ಹಾಲಿನವರು, ಆಟೋದವರು ಸೇರಿ ರದ್ದು ಮಾಡಿದ್ದು ನನ್ನ ಆಯುಷ್ಯದಲ್ಲಿ ಇದೊಂದೇ.

ಆದ್ದರಿಂದ ನಾನು ಹಠ ಹಿಡಿದೆ. ಬ್ಯಾಂಕಿಗೆ ಹೋಗಿ ಪಿಂಚಣಿಯ ಒಂದು ಭಾಗವನ್ನು ಹತ್ತರ ನಾಣ್ಯಗಳಲ್ಲೇ ಕೇಳಿ ಪಡೆಯತೊಡಗಿದೆ. ಅಲ್ಲಿನ ಗುಮಾಸ್ತ ಪೀಡೆ ತೊಲಗಿತೆಂದು ಎರಡು ಚೀಲ ಹೆಚ್ಚಾಗಿಯೇ ಕೊಡಲು ಮುಂದಾದ. ಕೇಂದ್ರ ಬ್ಯಾಂಕಿನ ಪ್ರಕಟಣೆಯನ್ನು ಅಚ್ಚು ಹಾಕಿಸಿ ಜೇಬಿನಲ್ಲಿಟ್ಟುಕೊಂಡೆ. ನಾಂಪಲ್ಲಿಯ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿಯವನೊಬ್ಬ “ನೈ ಚಲ್ತಾ ಚಾಚಾ, ಮ್ಯೂಸಿಯಂ ಮೇ ದೇದೋ” ಎಂದು ನನ್ನನ್ನೇ ಮ್ಯೂಸಿಯಮ್ಮಿಗೆ ಕಳಿಸಿದ. ಪ್ರಕಟಣೆ ತೋರಿಸಿದೆ. ಅದನ್ನು ಸುತ್ತಿ ಪೊಟ್ಟಣ ಮಾಡಲು ಹೊರಟ. ಇವರೆಲ್ಲ ಒಂದು ಕಡೆ ಮಾತ್ರ ಈ ನಾಣ್ಯವನ್ನು ಧಾರಾಳವಾಗಿ ಬಳಸುತ್ತಾರೆ: ದೇವಸ್ಥಾನದ ಹುಂಡಿಯಲ್ಲಿ. ತಮಗೆ ಬೇಡವಾದದ್ದು ದೇವರಿಗೆ ಆದೀತು ಎಂಬ ಭಕ್ತಿ.

ಇಡೀ ಸನತ್‌ನಗರದಲ್ಲಿ ಈ ನಾಣ್ಯವನ್ನು ಮರುಮಾತಿಲ್ಲದೆ ಸ್ವೀಕರಿಸಿದವಳು ಒಬ್ಬಳೇ, ನಮ್ಮ ರೊಟ್ಟಿಯವಳು. ಯಾದಗಿರಿ ಕಡೆಯವಳು. ಗಂಡ ಮಾದಾಪುರದಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು, ವಾರಗಟ್ಟಲೆ ಅಲ್ಲೇ ಇರುತ್ತಾನೆ. ಎರಡು ಮಕ್ಕಳು ಊರಿನಲ್ಲಿ ಅತ್ತೆಯ ಹತ್ತಿರ. ಇವಳು ತಗಡಿನ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ನಮ್ಮದೂ ಸೇರಿ ಐದು ಮನೆಗಳಿಗೆ ಒಯ್ಯುತ್ತಾಳೆ. ನನಗೆ ದಿನಕ್ಕೆ ನಾಲ್ಕು ರೊಟ್ಟಿ, ಅವಳಿಗೆ ನಾಲ್ಕು ನಾಣ್ಯ. ಮೊದಲ ದಿನವೇ ಹೇಳಿದ್ದೆ:

“ಯವ್ವಾ, ಇದು ಸರ್ಕಾರದ ರೊಕ್ಕ. ಯಾವನರೆ ಬ್ಯಾಡ ಅಂದ್ರ ನನ್ನ ಹಂತ್ಯಾಕ ಕರಕೊಂಡು ಬಾ.”

“ಹೂಂನ್ರಿ ಅಜ್ಜಾರ,” ಎಂದು ನಾಣ್ಯಗಳನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಎಂಟು ತಿಂಗಳು ಹಾಗೆಯೇ ನಡೆಯಿತು. ಯಾರನ್ನೂ ಕರೆದುಕೊಂಡು ಬರಲಿಲ್ಲ. ಆದ್ದರಿಂದ ನಾಣ್ಯಗಳು ಚಲಾವಣೆಯಾಗುತ್ತಿವೆ ಎಂದು ನಾನು ತೀರ್ಮಾನಿಸಿದೆ. ಪಾರ್ಕಿನ ಬೆಂಚಿನ ಮೇಲೆ ಸಂಜೆ ಸೇರುವ ನಿವೃತ್ತ ಗೆಳೆಯರಿಗೆ ಅದನ್ನೇ ಸಾರಿದೆ. ಡಿಗ್ರಿ ಪಡೆದ ನಿಮಗಿಂತ ಆ ಹೆಣ್ಣುಮಗಳಿಗೆ ಧೈರ್ಯವಿದೆ ಎಂದೆ. ಧಾರವಾಡ ಕಡೆಯವರಾದ ನನ್ನ ಹಳೆಯ ಸಹೋದ್ಯೋಗಿ ಬಾಯೊಳಗಿನ ಅಡಿಕೆ ಹೊರಳಿಸುತ್ತ, “ಆಕಿ ಅವನ್ನ ಎಲ್ಲಿ ನಡಸ್ತಾಳ ಅಂತ ಒಮ್ಮೆರೆ ಕೇಳೀರೇನ್ರಿ? ನಿಮ್ಮ ಮುಂದ ತಗೊಂಡ್ಲು ಅಂದ್ರ ನಡದಂಗ ಏನು?” ಎಂದರು. ಅದನ್ನು ನಾನು ಅವಮಾನವೆಂದು ಭಾವಿಸಿ ಹನ್ನೊಂದು ದಿನ ಆ ಬೆಂಚಿಗೆ ಹೋಗಲಿಲ್ಲ. ಕೇಳಲೂ ಇಲ್ಲ.

ಒಂದು ಬುಧವಾರ ಅವಳು, ಎರಡು ದಿನ ರೊಟ್ಟಿ ಬರುವುದಿಲ್ಲ ಎಂದಳು. ಶನಿವಾರದೊಳಗೆ ಊರಿನ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತದಿದ್ದರೆ ಪಡಿತರ ಚೀಟಿಯಿಂದ ಹೆಸರು ತೆಗೆಯುತ್ತಾರಂತೆ. ಗಂಡನದು ಹಿಂದಿನ ತಿಂಗಳೇ ಆಗಿತ್ತು. ಅವಳ ಹೆಸರು ಹೋದರೆ ಅವಳ ಪಾಲಿನ ಅಕ್ಕಿ ಹೋಗುತ್ತದೆ, ಆ ಅಕ್ಕಿಯಲ್ಲೇ ಮಕ್ಕಳ ಊಟ. ಒಮ್ಮೆ ಹೋದ ಹೆಸರನ್ನು ಮತ್ತೆ ಸೇರಿಸಲು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಗುರುವಾರ ಮಧ್ಯಾಹ್ನ ಫ್ಲೈಓವರ್ ಕೆಳಗಿಂದ ಹೊರಡುವ ಖಾಸಗಿ ಬಸ್ಸಿನಲ್ಲಿ ಹೋಗುವೆನೆಂದಳು. ನಮ್ಮ ಕಡೆಯ ಕೂಲಿ ಜನ ಓಡಾಡುವುದು ಅದರಲ್ಲೇ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ ಅವಳೇ ನಿಂತಿದ್ದಾಳೆ, ಕೈಯಲ್ಲಿ ರೊಟ್ಟಿಯ ಗಂಟು.

“ಯಾಕ, ಊರಿಗೆ ಹೋಗಲಿಲ್ಲೇನು?”

“ಇಳಿಸಿಬಿಟ್ರಿ.”

ಮೂರು ಸಲ ಕೇಳಿದ ಮೇಲೆ ಹೊರಬಂದದ್ದು ಇಷ್ಟು. ಎಂಟು ತಿಂಗಳಲ್ಲಿ ನಾನು ಕೊಟ್ಟ ನಾಣ್ಯಗಳಲ್ಲಿ ಒಂದನ್ನೂ ಅವಳಿಂದ ಖರ್ಚು ಮಾಡಲಾಗಿರಲಿಲ್ಲ. ಹಿಟ್ಟಿನ ಗಿರಣಿಯವನು, ತರಕಾರಿಯವಳು, ಮಾತ್ರೆ ಅಂಗಡಿಯವನು, ಎಲ್ಲರೂ ಬೈದು ಕಳಿಸಿದ್ದರು. ಉಳಿದ ನಾಲ್ಕು ಮನೆಗಳ ನೋಟಿನಲ್ಲಿ ಜೋಳ, ಬಾಡಿಗೆ ಸಾಗಿಸಿ, ನನ್ನವನ್ನು ಹಾಲಿನಪುಡಿಯ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಗುರುವಾರ ಕೈಯಲ್ಲಿ ಉಳಿದದ್ದು ಆ ಡಬ್ಬಿಯೊಂದೇ. ಅದರಿಂದ ಒಂದು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ಬಸ್ಸಿನವನು ನಾಣ್ಯ ಕಂಡು ಮುಂದಿನ ಸ್ಟಾಪಿನಲ್ಲಿ ಇಳಿಸಿದ್ದ. ಬಿಸಿಲಿನಲ್ಲಿ ನಡೆದುಕೊಂಡು ಬಂದಿದ್ದಳು.

“ಎಂಟು ತಿಂಗಳು ನನಗ ಯಾಕ ಹೇಳಲಿಲ್ಲ?” ಎಂದು ಗದರಿದೆ.

“ಹ್ಯಾಂಗ ಹೇಳಲ್ರಿ? ಹಿರ್‍ಯಾರು ಕೈಯೆತ್ತಿ ಕೊಟ್ಟಿದ್ದು. ನಡೀವಲ್ದು ಅಂತ ನಿಮ್ಮ ಮಾರಿ ಮುಂದ ಅಂದ್ರ, ನಿಮಗಽ ಅಂದಂಗ ಆಗತೈತ್ರಿ.”

ಆಗಲೇ ಒಂದು ನೋಟು ಕೊಟ್ಟು ಕಳಿಸಬಹುದಿತ್ತು. ಬುದ್ಧಿ ನೆಟ್ಟಗಿರುವ ಯಾರಾದರೂ ಅದನ್ನೇ ಮಾಡುತ್ತಿದ್ದರು. ನನ್ನ ಜೇಬಿನಲ್ಲಿ ಐನೂರರ ನೋಟು ಇತ್ತು ಕೂಡ. ಆದರೆ ನಾನು ಹೇಳಿದ್ದು, “ಇವತ್ತು ನಾ ಬರತೀನಿ. ಅದಽ ಗಂಟಿನಾಗ ಟಿಕೀಟು ಕೊಡಸ್ತೀನಿ.” ಅವಳು ಏನೂ ಅನ್ನಲಿಲ್ಲ. ಅನ್ನುವ ಪದ್ಧತಿಯೇ ಅವಳಲ್ಲಿಲ್ಲವೆಂದು ಆಗತಾನೇ ಕೇಳಿ ತಿಳಿದಿದ್ದೆ. ಆದರೂ ಅವಳ ಮೌನವನ್ನು ಒಪ್ಪಿಗೆಯೆಂದುಕೊಂಡೆ.

ಎರಡೂವರೆಗೆ ಫ್ಲೈಓವರ್ ಕೆಳಗೆ ಬಸ್ಸು ನಿಂತಿತ್ತು. ಶನಿವಾರಕ್ಕೆ ಮುಂಚೆ ಊರು ಮುಟ್ಟಿಸುವ ಕೊನೆಯ ಬಸ್ಸು. ಟಿಕೇಟು ಕೊಡುವವನು ಸೇಡಂ ಕಡೆಯ ಮಾತಿನವನು, ಗುಟ್ಕಾ ತುಂಬಿದ ಬಾಯಿ.

“ಏ ಅಜ್ಜಾ, ನಿನ್ನೆನೂ ಈಕಿ ಇದಽ ಗಂಟು ತಂದಿದ್ಲು. ಬ್ಯಾಡ ಅಂದ್ರ ತಿಳಿಯಂಗಿಲ್ಲೇನು?”

“ಭಾರತ ಸರ್ಕಾರದ ನಾಣ್ಯ ಬ್ಯಾಡ ಅನ್ನಾಕ ನೀ ಯಾರು?”

“ನಾನಾ? ನಾ ಬಸ್ಸಿನಾಂವ. ಸರ್ಕಾರಕ್ಕ ಹೇಳು, ತನ್ನ ಬಸ್ಸಿನಾಗ ಕೂಡಿಸ್ಕೊಂಡು ಹೋಗಲಿ.”

ಬಸ್ಸಿನೊಳಗೆ ನಗೆಯೆದ್ದಿತು. ನಾನು ಪ್ರಕಟಣೆಯನ್ನು ತೆಗೆದು ಓದಿದೆ. ಸಾವಿರ ರೂಪಾಯಿಯವರೆಗೆ ನಾಣ್ಯದಲ್ಲಿ ಕೊಟ್ಟರೂ ಕಾನೂನಿನ ಪ್ರಕಾರ ಅದು ಹಣವೇ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿ, ರಸ್ತೆಗೆ ಉಗಿದು, “ಡೀಸಲ್ ಹಾಕಾಂವ ತಗೊಂಡ್ರ ನಾನೂ ತಗೋತೀನಿ. ಹೋಗಿ ಅವಗ ಓದಿ ಹೇಳು,” ಎಂದ. ಡ್ರೈವರ್ ಹಾರ್ನ್ ಒತ್ತಿದ. ಕಿಟಕಿಯಿಂದ ಯಾರೋ ಕೂಗಿದರು: “ಅಜ್ಜಾರ, ಕಾಯ್ದೆ ಆಮ್ಯಾಲ ಓದ್ರಿ! ಮುಂದ ನಮ್ಮೂರ ಬಸ್ ತಪ್ಪತೈತಿ!” ನಾನು ಎರಡನೆಯ ಪ್ಯಾರಾ ಆರಂಭಿಸಿದ್ದೆ. ಬಸ್ಸು ಅಲುಗಿತು.

ಅವಳು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಒಂದು ಕೈಯಲ್ಲಿ ಕಂಬಿ ಹಿಡಿದಿದ್ದಳು. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

“ಅಜ್ಜಾರ, ನನ್ನ ಹೆಸರು ಹೋಗತೈತ್ರಿ. ಕಿಸೆದಾಗ ನೋಟ ಇದ್ರ ಕೊಡ್ರಿ. ಇಲ್ಲಂದ್ರ ಇಲ್ಲ ಅನ್ರಿ. ಈಗ ಅನ್ರಿ.”

ಕೊಟ್ಟೆ. ಬಸ್ಸಿನವನು ನೋಟನ್ನು ಬೆಳಕಿಗೆ ಹಿಡಿದು, ಚಿಲ್ಲರೆಯನ್ನು ಅವಳ ಕೈಗಿಟ್ಟು, ನನಗೊಂದು ಸಲಾಮು ಹೊಡೆದ. ಬಾಯಿಂದ ಒಂದೂ ಮಾತಾಡದೆ ಒಬ್ಬ ಮನುಷ್ಯನನ್ನು ಹೇಗೆ ಕೀಳುಗಳೆಯಬಹುದೆಂದು ಅವನನ್ನು ನೋಡಿ ಕಲಿಯಬೇಕು. ಅವಳ ಗಂಟು ನನ್ನ ಕೈಯಲ್ಲೇ ಉಳಿಯಿತು. ಹೊತ್ತುಕೊಂಡು ಮನೆಗೆ ಬಂದೆ. ಅದು ಭಾರವಾಗಿತ್ತು. ಅಷ್ಟು ಭಾರವನ್ನು ಹಿಂದಿನ ದಿನ ಅವಳು ಬಿಸಿಲಿನಲ್ಲಿ ಹೊತ್ತಿದ್ದಳೆಂಬುದನ್ನು ಅಳೆಯಲು ಯಾವ ಉಪಕರಣವೂ ಬೇಕಾಗಲಿಲ್ಲ.

ಕಿರಾಣಿಯವನು ಮೂರ್ಖ, ಬಸ್ಸಿನವನು ಒರಟ, ಈ ಊರು ಗಾಳಿಸುದ್ದಿಗೆ ಗುಲಾಮ. ಒಂದು ಅಕ್ಷರವನ್ನೂ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅವರ ಮೂರ್ಖತನದೊಡನೆ ಕಾದಾಡಲು, ಎದುರು ಮಾತಾಡಲಾರದವಳನ್ನು ನಾನು ಮುಂದೆ ನಿಲ್ಲಿಸಿದ್ದೆ. ಕಿರಾಣಿಯವನು ನನ್ನ ಐದು ನಾಣ್ಯ ತಳ್ಳಿದಾಗ ನನಗೆ ಬೆಲ್ಲ ತಪ್ಪಿತು, ಅಷ್ಟೆ. ನನ್ನ ಮನೆಯ ಕಪಾಟಿನಲ್ಲಿ ಇನ್ನೂ ಬೆಲ್ಲವಿತ್ತು.

ಸೋಮವಾರ ಅವಳು ಬಂದಳು.

“ಆತೇನು?”

“ಆತ್ರಿ. ಎರಡ ಸಲ ಮಷಿನ್ ಒಲ್ಲೆ ಅಂತು. ರೊಟ್ಟಿ ಬಡದು ಬಡದು ಗೆರಿ ಸವದಾವಂತ. ಬೆರಳಿಗೆ ಎಣ್ಣಿ ಹಚ್ಚಿ ಒತ್ತಿಸಿದ್ರು, ಮೂರನೇ ಸಲಕ್ಕ ತಗೊಂತು. ಹೆಸರು ಉಳೀತ್ರಿ.”

ಡಬ್ಬಿಯನ್ನೂ ತರಲು ಹೇಳಿ, ಅವಳ ಎಲ್ಲ ನಾಣ್ಯಗಳನ್ನೂ ತೆಗೆದುಕೊಂಡು, ಬೆಳಿಗ್ಗೆ ಬ್ಯಾಂಕಿನಿಂದ ತಂದಿಟ್ಟಿದ್ದ ಹತ್ತರ ನೋಟುಗಳನ್ನು ಕೊಟ್ಟೆ. ಕಣ್ಣಿಗೊತ್ತಿಕೊಳ್ಳುವಳೆಂದುಕೊಂಡಿದ್ದೆ. ಅವಳು ಹೊಸ್ತಿಲಲ್ಲೇ ಕುಳಿತು ಒಂದೊಂದನ್ನೂ ಬಿಡಿಸಿ ಎರಡೂ ಬದಿ ನೋಡಿದಳು. ನಡುವೆ ಒಂದನ್ನು ಬೇರೆಯಿಟ್ಟು ನನ್ನ ಕಡೆಗೆ ಚಾಚಿದಳು.

“ಇದು ಹರದೈತ್ರಿ ಅಜ್ಜಾರ. ಬ್ಯಾರೇದು ಕೊಡ್ರಿ.”

ಬೇರೆಯದನ್ನು ಕೊಟ್ಟೆ.